ಮೂರು ಸಲ ಕೂಗುತ್ತಿದ್ದ ಮಾವ

ನಮ್ಮ ಮಾವನವರು ಸ್ವಂತ ಮನೆಗೂ ಮೂರು ಸಲ ಕೂಗದೆ ಕಾಲಿಡುತ್ತಿರಲಿಲ್ಲ. ಬಾಗಿಲು ಹಾರು ಹೊಡೆದಿರಲಿ, ಅತ್ತೆ ಎದುರಿಗೇ ಅವರೆಕಾಯಿ ಸುಲಿಯುತ್ತ ಕೂತಿರಲಿ, "ಪುಟ್ಟಮ್ಮ, ಪುಟ್ಟಮ್ಮ, ಪುಟ್ಟಮ್ಮ" ಆಗಲೇಬೇಕು. ಚಾಮರಾಜನಗರದ ಕೋರ್ಟಿನಲ್ಲಿ ಅವರು ಅಮೀನರು. ಊರೂರು ಸುತ್ತಿ, ಬಾಗಿಲಲ್ಲಿ ಮೂರು ಸಲ ಹೆಸರು ಕೂಗಿ ನೋಟೀಸು ಜಾರಿ ಮಾಡುವ ಕೆಲಸ.

ಹರದನಹಳ್ಳಿಯಲ್ಲಿ ಕೇಸು ಹಾಕಿದ್ದ ಯಜಮಾನರೊಬ್ಬರು ಕಾಫಿ ಕೊಟ್ಟು, ಎದುರು ಪಾರ್ಟಿ ಮನೆಯಲ್ಲಿರಲಿಲ್ಲ, ಗೈರುಹಾಜರಿ ಎಂದು ಬರೆದುಕೊಂಡು ಹೋಗಿ ಅಂದರಂತೆ. ಮಾವ ಕಾಫಿ ಕುಡಿದು, ಲೋಟ ತೊಳೆದಿಟ್ಟು, ನೆಟ್ಟಗೆ ಹೊಲಕ್ಕೆ ಹೋಗಿ ಆ ಮನುಷ್ಯನ ಕೈಗೇ ನೋಟೀಸು ಕೊಟ್ಟು ಬಂದರು. "ಕಾಪಿ ಚೆನ್ನಾಗಿತ್ತು. ಅಂಗಂತ ಇರೋನ್ನ ಇಲ್ಲ ಅನ್ನಕಾಯ್ತದಾ?"

ನಾನು ಗುಂಡ್ಲುಪೇಟೆ ಪಕ್ಕದ ಭೀಮನಬೀಡಿನಿಂದ ಸೊಸೆಯಾಗಿ ಬಂದು ಮೂರು ತಿಂಗಳೂ ಆಗಿರಲಿಲ್ಲ. ನಾದಿನಿಯ ಬಾಣಂತನಕ್ಕೆಂದು ಅತ್ತೆ ಕಾಯಿಸಿಟ್ಟಿದ್ದ ತುಪ್ಪ ಅರ್ಧಕ್ಕಿಳಿದಿತ್ತು. ಮನೆಯಲ್ಲಿ ಬೇರೆ ಯಾರಿಗೂ ಅದರ ಒಂದು ತೊಟ್ಟು ಬಡಿಸುವಂತಿರಲಿಲ್ಲ. ಅತ್ತೆ ನನ್ನನ್ನು ಒಂದು ಮಾತು ಕೇಳಲಿಲ್ಲ. ಸಂಜೆ ಮಾವ ಮೂರನೇ ಕೂಗು ಮುಗಿಸುವಷ್ಟರಲ್ಲಿ ತೀರ್ಪೇ ಹೊರಬಿತ್ತು: "ಬೆಳಿಗ್ಗೆ ಇವಳ್ನ ಗುಂಡ್ಲುಪೇಟೆ ಬಸ್ಸತ್ತಿಸ್ಬುಡಿ. ಕಳ್ಳಿ ನಂಗ್ ಬ್ಯಾಡ."

ಕಳ್ಳಿ ಎನಿಸಿಕೊಂಡು ತವರಿಗೆ ಹೋದರೆ ಅಪ್ಪ ಊರಲ್ಲಿ ತಲೆಯೆತ್ತುವ ಹಾಗಿರಲಿಲ್ಲ. ಗಂಡನೆಂಬ ಮಹಾರಾಯ ಹಿತ್ತಿಲಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ.

ಮಾವ ಟೋಪಿಯನ್ನೂ ತೆಗೆಯದೆ ಕೇಳಿದರು: "ಆಪಾದನೆ ಏನು ಅಂತ ಅವಳ್ಗೆ ಏಳಿದ್ದೀಯಾ?"

"ಕದ್ದೋಳ್ಗೆ ಗೊತ್ತಿರಕಿಲ್ವಾ?"

"ಕದೀದೆ ಇರೋಳ್ಗೆ ಗೊತ್ತಿರಕಿಲ್ಲ ಕಣೆ. ಅದ್ಕೇ ನೋಟೀಸು ಅನ್ನೋದು."

ಅಂದವರೇ ಊಟ ಮುಗಿಸಿ, ಕಾಗದದ ಮೇಲೆ ಆಪಾದನೆ ಬರೆದು, ಅಡುಗೆಮನೆ ಹೊಸ್ತಿಲಾಚೆ ನಿಂತು ನನ್ನ ಹೆಸರು ಮೂರು ಸಲ ಕೂಗಿ ಕೈಗೆ ಕೊಟ್ಟರು. ಭಾನುವಾರಕ್ಕೆ ವಾಯಿದೆ, ನಾನು ಉತ್ತರ ಹೇಳಬೇಕಾದ ದಿನ. ಅಲ್ಲಿಯವರೆಗೆ ಯಾರೂ ನನ್ನನ್ನು ಕಳ್ಳಿ ಅನ್ನಕೂಡದು. ಅತ್ತೆ ಮೂರು ದಿನ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡರು.

ಭಾನುವಾರ ನಡುಮನೆಯಲ್ಲಿ ವಿಚಾರಣೆ. ನಾನು ತೆಗೆದಿಲ್ಲ ಎಂದೆ, ಅಷ್ಟಕ್ಕೇ ಅಳು ಬಂತು. ಅತ್ತೆ ನನ್ನ ಕೈಯಿಂದ ನೋಟೀಸು ಕಿತ್ತುಕೊಂಡು ಬೆಳಕಿಗೆ ಹಿಡಿದರು. ಅವರಿಗೆ ಓದು ಬಾರದು. ಆದರೆ ಕಾಗದದ ಮೂಲೆಯಲ್ಲಿ, ನನ್ನ ಬೆರಳಿಗಿಂತ ಎರಡರಷ್ಟು ಅಗಲದ ಜಿಡ್ಡಿನ ಹೆಬ್ಬೆಟ್ಟಿನ ಗುರುತೊಂದು ಕೂತಿತ್ತು. ಮೂಸಿ ನೋಡಿದರೆ ತುಪ್ಪದ ವಾಸನೆ. ಆಮೇಲೆ ಮಾವನ ಮುಖ ನೋಡಿದರು.

"ನೀವಾ?"

ಮಾವ ಕೆಮ್ಮಿದರು. "ಹೊಸ ಸಂವಿಧಾನ ಬಂದದೆ ಕಣೆ. ತನ್ನ ಮೇಲೆ ತಾನೇ ಸಾಕ್ಷಿ ಏಳು ಅಂತ ಯಾರ್ನೂ ಬಲವಂತ ಮಾಡಂಗಿಲ್ಲ."

ಅರಿಯದೆ ಬಿದ್ದ ಗುರುತೋ, ಬೇಕೆಂದೇ ಒತ್ತಿದ್ದೋ, ಕೊನೆವರೆಗೂ ಬಾಯಿ ಬಿಡಲಿಲ್ಲ ಆ ಪಾಕಡಾ ಮನುಷ್ಯ. ಮೂರು ದಿನ ನನ್ನ ಗಂಟಲಲ್ಲಿ ಮುದ್ದೆ ಇಳಿಯದಂತೆ ಮಾಡಿದ್ದಕ್ಕೆ ಕೋಪವಿತ್ತು. ಆದರೂ ಅಂದಿನಿಂದ ಅತ್ತೆ ನನ್ನನ್ನು ಕೇಳದೆ ಯಾವ ತಪ್ಪನ್ನೂ ನನ್ನ ತಲೆಗೆ ಕಟ್ಟಲಿಲ್ಲ.

ಏಳು ವರ್ಷದ ಮೇಲೆ ಒಂದು ಬೆಳಿಗ್ಗೆ ಮಾವ ಏಳಲಿಲ್ಲ. ನಾನು "ಮಾವ, ಮಾವ, ಮಾವ" ಎಂದು ಕೂಗಿದೆ. ಅತ್ತೆ ಅವರ ತಣ್ಣಗಾದ ಹೆಬ್ಬೆಟ್ಟು ಹಿಡಿದು ಕೂತಿದ್ದರು.

"ಗೈರುಹಾಜರಿ ಅಂತ ಬರ್ಕಂಡ್ಬುಡಬ್ಯಾಡ ಕಣಮ್ಮಿ" ಅಂದರು. "ಇನ್ನೊಂದ್ ವಾಯಿದೆ ಕೊಡು."