ಅಂಟಿಗೆ ಮೊದಲು ಮುಕ್ಕಳಿಸಿದ ನೀರು

ಮುಂಬಯಿ ಬಳಿಯ ಠಾಕುರ್ಲಿಯ ಮುರಾರಿ ರಾಯರು ಉಡುಪಿ ಕಡೆಯವರು; ಡೊಂಬಿವಲಿಯ ಸಸ್ಯಾಹಾರಿ ಹೋಟೆಲೊಂದರ ಗಲ್ಲಾದಲ್ಲಿ ಕುಳಿತೇ ತಲೆ ನರೆತವರು. ನಮ್ಮ ಶನಿವಾರದ ಭಜನೆಯಲ್ಲಿ ಅವರು ಭಗವಂತನ ನಾಮವನ್ನು ಎತ್ತಿಕೊಟ್ಟರೆ ಒಂದೊಂದು ಅಕ್ಷರವೂ ತೊಳೆದಿಟ್ಟಂತೆ ಕೇಳುತ್ತದೆ. ಅಂಥವರು ಈ ಮಳೆಗಾಲದಲ್ಲಿ ಹಿಂದಿನ ಸಾಲಿಗೆ ಸರಿದು, ತುಟಿ ಬಿಗಿದು ತಾಳ ಮಾತ್ರ ತಟ್ಟತೊಡಗಿದರು.

ಕಾರಣ, ಮೇಲ್ಸಾಲಿನ ಮುಂದಿನ ಹಲ್ಲು. ಹುಳುಕು ತೆಗೆಸಿ ತುಂಬಿಸಿಕೊಂಡು ವರ್ಷವಾಗಿರಲಿಲ್ಲ. ಅಷ್ಟರಲ್ಲೇ ತುಂಬಿದ ಅಂಚಿನಲ್ಲಿ ಕಂದು ಗೆರೆ ಮೂಡಿತ್ತು, ತಣ್ಣೀರೋ ಹಾಡುವಾಗ ಎಳೆದ ಗಾಳಿಯೋ ತಾಗಿದರೆ ಜೀವ ಝುಮ್ಮೆನ್ನುತ್ತಿತ್ತು. ಹಲ್ಲು ಕೀಳಿಸಿದರೆ ‘ಶ್ರೀ’ ಎನ್ನುವಲ್ಲಿ ಬರೀ ಗಾಳಿ ಹೊರಡುತ್ತದೆ. ದೇವರ ಹೆಸರನ್ನು ಕೆಡಿಸಿ ಹೇಳುವುದು ಹೇಗೆಂಬುದೇ ಅವರ ಸಂಕಟ. ಕಡೆಗೆ ಮಡದಿ ಊರ್ಮಿಳಮ್ಮ ಅವರನ್ನು ಪಕ್ಕದೂರು ಕಲ್ಯಾಣದ ದಂತವೈದ್ಯೆ ಪ್ರಣೀತಾ ಬಳಿಗೆ ಎಳೆದೊಯ್ದರು.

ಹಲ್ಲಿಗೂ ತುಂಬುವ ವಸ್ತುವಿಗೂ ತಾನಾಗಿ ನಂಟು ಬೆಳೆಯದೆಂದು ವೈದ್ಯೆ ವಿವರಿಸಿದರು. ಆಮ್ಲ ಸವರಿ ಹಲ್ಲನ್ನು ತುಸು ಒರಟಾಗಿಸಿ, ತೊಳೆದು, ಅಂಟುದ್ರವ ಹಚ್ಚಿ, ನೀಲಿ ಬೆಳಕಿನಲ್ಲಿ ಗಟ್ಟಿಮಾಡಬೇಕು. ಆ ನಡುವೆ ಜೊಲ್ಲು ತಾಗಿದರೆ ಅಂಟು ಸರಿಯಾಗಿ ಹಿಡಿಯದು; ಕಣ್ಣಿಗೆ ಕಾಣದ ಸಂದಿನಿಂದ ನೀರೂ ಕ್ರಿಮಿಯೂ ಒಳಗೆ ಜಿನುಗುತ್ತವೆ. ಹೋದ ಸಲ ನಡುವೆ ಬಾಯಿ ಒದ್ದೆಯಾಗಿತ್ತೇ ಎಂದು ಕೇಳಿದರು.

ರಾಯರು ತಲೆ ತಗ್ಗಿಸಿದರು. “ಆ ಡಾಕ್ಟ್ರು ಫೋನು ಬಂತೂಂತ ಆಚೆ ಹೋದ್ರು. ಬಾಯೊಳಗೆ ಕೈ ಹಾಕಿದ್ರಲ್ಲ, ಎಂಜಲಾಯ್ತು ಅಂತ, ಒದ್ದೆಯಾಗದ ಹಾಗೆ ಅವರು ಹಲ್ಲಿನ ಬದಿಗಿಟ್ಟ ಹತ್ತಿ ತೆಗೆದು ಮುಕ್ಕಳಿಸಿ, ಪುನಃ ಹಾಗೇ ಇಟ್ಟುಕೊಂಡೆ. ಹೇಳ್ಲಿಕ್ಕೆ ನಾಚಿಕೆ ಆಯ್ತು.”

ಪ್ರಣೀತಾ ನಕ್ಕುಬಿಟ್ಟರು. “ಅಂಕಲ್, ಎಂಜಲು ಹೋಗ್ಲಿ ಅಂತ ಎಂಜಲಿನ ಮೇಲೇ ಅಂಟು ಹಾಕಿಸ್ಕೊಂಡ್ರಿ. ಹಲ್ಲು ಗಟ್ಟಿ ಇದೆ, ಕೀಳೋದು ಬೇಡ. ಇವತ್ತು ನಾನು ಹೇಳೋ ತನಕ ಬಾಯಿ ಮುಚ್ಚಬಾರದು, ಚಲೇಗಾ?”

“ಮುಚ್ಚದೆ ಇರೋದು ಅವರಿಗೆ ಅಭ್ಯಾಸವೇ, ನೀನು ಸುರು ಮಾಡಮ್ಮ,” ಎಂದರು ಊರ್ಮಿಳಮ್ಮ.

ಹಳೆಯದನ್ನು ಕೊರೆದು ತೆಗೆದು, ತೆಳುವಾದ ರಬ್ಬರ್ ಹಾಳೆಯಿಂದ ಹಲ್ಲನ್ನು ಉಳಿದ ಬಾಯಿಯಿಂದ ಮರೆಮಾಡಿ ಹೊಸದನ್ನು ತುಂಬಿದರು. ಚುಚ್ಚುಮದ್ದೂ ಬೇಕಾಗಲಿಲ್ಲ. ಆ ಹೊತ್ತಿಗೆ ಹಲ್ಲು ಬೇಡಿದ ಮಡಿ ನೀರಿನದಲ್ಲ, ಒಣಗಿರುವುದೇ ಆಗಿತ್ತು. ಒಳ್ಳೆಯ ಮನಸ್ಸಿನಿಂದ ಮಾಡಿದ ತಪ್ಪನ್ನು ತಿದ್ದಿಕೊಳ್ಳಲು ಕರುಣಾಳು ದೇವರು ಎಡೆ ಇಟ್ಟಿರುತ್ತಾನೆ, ಬಂಧುಗಳೇ; ನಾನು ದೃಢವಾಗಿ ನಂಬಿದ್ದೇನೆ.

ಕೊನೆಗೆ ವೈದ್ಯೆ ತಣ್ಣೀರಿನ ಲೋಟ ಕೊಟ್ಟರು. ರಾಯರು ಅಂಜುತ್ತ ಒಂದು ಗುಟುಕು ಹೀರಿದರು, ಮತ್ತೊಂದು ಹೀರಿದರು. ಏನೂ ಆಗಲಿಲ್ಲ. ಕುರ್ಚಿಯಲ್ಲೇ ನೆಟ್ಟಗೆ ಕುಳಿತು “ಶ್ರೀಶ ಶ್ರೀನಿವಾಸ ಗೋವಿಂದಾ” ಎಂದು ತುಂಬುಗಂಠದಲ್ಲಿ ಎತ್ತಿಕೊಟ್ಟರಂತೆ. ಹೊರಗೆ ಕೆನ್ನೆ ಹಿಡಿದು ಸರದಿ ಕಾಯುತ್ತಿದ್ದ ಮರಾಠಿ ಅಜ್ಜಿಯೊಬ್ಬರು ಅಲ್ಲಿಂದಲೇ “ವಿಠ್ಠಲ, ವಿಠ್ಠಲ” ಎಂದು ಓಗೊಟ್ಟರು.