ಶಾಂತವ್ವನ ಹೆಸರಿನಲ್ಲಿದ್ದ ಬಿಳಿ ಕಾರು

ಮೂರು ವರ್ಷಗಳ ಹಿಂದೆ ನಾನು ಹುಬ್ಬಳ್ಳಿಯಲ್ಲಿ ಆಹಾರ ನಿರೀಕ್ಷಕಿಯಾಗಿದ್ದೆ. ನಿವೃತ್ತಿಗೆ ಇನ್ನೂ ಹದಿನಾಲ್ಕು ತಿಂಗಳು ಉಳಿದಿತ್ತು. ಆಹಾರ ನಿರೀಕ್ಷಕಿ ಎಂದರೆ ಹೋಟೆಲುಗಳ ಅಡುಗೆಮನೆ ಪರೀಕ್ಷಿಸುವವಳು ಎಂದು ಬಹಳ ಜನ ತಿಳಿದಿರುತ್ತಾರೆ. ನಮ್ಮ ಕೆಲಸ ಅದಲ್ಲ. ರೇಷನ್ ಅಂಗಡಿಗಳ ತಪಾಸಣೆ, ರೇಷನ್ ಕಾರ್ಡಿನ ಅರ್ಜಿಗಳ ವಿಚಾರಣೆ, ಯಾರು ಬಡವರು, ಯಾರು ಅಲ್ಲ ಎಂದು ಮನೆಗೇ ಹೋಗಿ ನೋಡಿ ವರದಿ ಬರೆಯುವುದು ನಮ್ಮ ಪಾಲಿನ ಕೆಲಸ. ಮೂವತ್ತು ವರ್ಷ ಇದನ್ನೇ ಮಾಡಿದ್ದರಿಂದ, ಹೊಸ್ತಿಲು ದಾಟಿದ ಕೂಡಲೇ ಮನೆಯವರ ಸ್ಥಿತಿ ನನಗೆ ತಿಳಿಯುತ್ತದೆ ಎಂಬ ಜಂಬವೂ ನನಗಿತ್ತು.

ಆ ವರ್ಷ ನಮಗೆ ಬಿಪಿಎಲ್ ಕಾರ್ಡುಗಳ ಮರುಪರಿಶೀಲನೆಯ ಕೆಲಸ ಬಂತು. ಬಿಪಿಎಲ್ ಎಂದರೆ ಬಡತನ ರೇಖೆಗಿಂತ ಕೆಳಗಿರುವವರ ಕಾರ್ಡು. ಅದರ ಮೇಲೆ ಅಕ್ಕಿ ಸಿಗುವುದಷ್ಟೇ ಅಲ್ಲ, ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಕೂಡ ಉಚಿತವಾಗಿ ಆಗುತ್ತದೆ. ಸ್ವಂತ ಓಡಾಟಕ್ಕೆ ನಾಲ್ಕು ಚಕ್ರದ ವಾಹನ ಇಟ್ಟುಕೊಂಡವರಿಗೆ ಈ ಕಾರ್ಡು ಸಿಗುವುದಿಲ್ಲ. ಸಾರಿಗೆ ಇಲಾಖೆಯ ವಾಹನ ಮಾಲೀಕರ ಪಟ್ಟಿಯನ್ನು ನಮ್ಮ ಕಾರ್ಡುದಾರರ ಪಟ್ಟಿಗೆ ಕಂಪ್ಯೂಟರಿನಲ್ಲಿ ಹೊಂದಿಸಿದ್ದರು. ಎರಡೂ ಕಡೆ ಹೆಸರು ಬಂದವರ ಕಾರ್ಡು ತಾನಾಗಿಯೇ ಎಪಿಎಲ್‌ಗೆ, ಅಂದರೆ ರೇಖೆಯ ಮೇಲಿನವರ ಕಾರ್ಡಿಗೆ, ಬದಲಾಗಿತ್ತು. ಹಾಗೆ ಬದಲಾದವರ ಮನೆಗೆ ನಾವು ಹೋಗಿ ನೋಡಬೇಕಿತ್ತು. ನನ್ನ ಪಾಲಿಗೆ ಬಂದವು ನಲವತ್ತೊಂದು ಹೆಸರು. ಅವರಲ್ಲಿ ಹೆಚ್ಚಿನವರ ಹತ್ತಿರ ಖರೇನೇ ಕಾರು ಇತ್ತು. ಒಬ್ಬರಂತೂ ತಮ್ಮ ಕಾರನ್ನು ಪಕ್ಕದ ಓಣಿಯಲ್ಲಿ ನಿಲ್ಲಿಸಿ, ಚಪ್ಪಲಿ ಎಳೆಯುತ್ತ ನನ್ನೆದುರು ಬಂದು ನಿಂತಿದ್ದರು.

ಹತ್ತೊಂಬತ್ತನೆಯ ಹೆಸರು ಶಾಂತವ್ವನದು. ಮನೆ ಅಮರಗೋಳದ ಕಡೆ, ಕೃಷಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ. ಆ ಓಣಿಯಲ್ಲಿ ಆಟೋ ಸಹ ಒಳಗೆ ಬರುವಂತಿರಲಿಲ್ಲ. ಒಂದೇ ಕೋಣೆಯ ಮನೆ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಮಡಿಸಿಟ್ಟ ಹಾಸಿಗೆ, ಗೋಡೆಯ ಗಿಳಿಗೂಟದಲ್ಲಿ ಒಗೆದ ಸೀರೆಗಳು. ಶಾಂತವ್ವನಿಗೆ ನಲವತ್ತೈದರ ಆಸುಪಾಸು. ಉಪ್ಪಿನಬೆಟಗೇರಿಯ ಹೆಣ್ಣುಮಗಳು, ಮದುವೆಯಾಗಿ ಹುಬ್ಬಳ್ಳಿಗೆ ಬಂದವಳು, ಒಂದು ಶ್ರೀಮಂತರ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಗಂಡ ಮಲ್ಲಪ್ಪ ಮಾರುಕಟ್ಟೆಯಲ್ಲಿ ಹಮಾಲ, ಚೀಲ ಹೊರುವವನು. ಅವನು ಗೋಡೆಗೆ ಒರಗಿ, ಒಂದು ಕೈಯಿಂದ ಹೊಟ್ಟೆಯ ಕೆಳಭಾಗ ಒತ್ತಿಕೊಂಡು ಕುಳಿತಿದ್ದ. ಅವನಿಗೆ ಹರ್ನಿಯಾ ಆಗಿತ್ತು. ಭಾರ ಎತ್ತಿ ಎತ್ತಿ ಹೊಟ್ಟೆಯ ಸ್ನಾಯು ಸಡಿಲಾಗಿ, ಒಳಗಿನ ಕರುಳು ಹೊರಗೆ ಉಬ್ಬಿ ಬರುವ ರೋಗ ಅದು. ಆಪರೇಷನ್ ಆಗುವ ತನಕ ಚೀಲ ಮುಟ್ಟಬಾರದು, ಬಹಳ ದಿನ ತಡವೂ ಮಾಡಬಾರದು ಎಂದು ಡಾಕ್ಟರು ಹೇಳಿದ್ದರು. ಆಸ್ಪತ್ರೆಯವರು ದಿನವನ್ನೂ ಗೊತ್ತುಮಾಡಿದ್ದರು. ಆದರೆ ಕಾರ್ಡು ಎಪಿಎಲ್ ಆಗಿದೆ ಎಂದು ತಿಳಿದ ಮೇಲೆ ಆಪರೇಷನ್ ನಿಂತುಹೋಗಿತ್ತು.

ನಿಮ್ಮ ಹೆಸರಿನಲ್ಲಿ ಒಂದು ಬಿಳಿ ಕಾರು ಇದೆಯಲ್ಲ ಎಂದು ನಾನು ಕೇಳಿದೆ. ಆಕೆ ನಗಬಹುದು, ಇಲ್ಲವೇ ಗಾಬರಿಯಾಗಬಹುದು ಎಂದುಕೊಂಡಿದ್ದೆ. ಹೆಸರು, ಅಪ್ಪನ ಹೆಸರು ಇನ್ನೊಬ್ಬರ ಹೆಸರಿಗೆ ಹೊಂದಿ ಕಂಪ್ಯೂಟರು ತಪ್ಪು ಮಾಡಿದ ಪ್ರಕರಣಗಳನ್ನು ಆಗಲೇ ಎರಡು ನೋಡಿದ್ದೆ. ಆದರೆ ಶಾಂತವ್ವ ನಗಲಿಲ್ಲ. ತಲೆ ತಗ್ಗಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಳು. ಆಕೆಗೆ ಕಾರಿನ ವಿಷಯ ಗೊತ್ತಿದೆ ಎಂದು ನನಗೆ ಅರ್ಥವಾಯಿತು. ನನ್ನ ದನಿ ತುಸು ಬಿಗಿಯಾಯಿತು. ಕಾರು ನಿಮ್ಮದಲ್ಲವಾದರೆ ಹಾಗೆಂದು ಬರೆದುಕೊಡಿ, ಯಾರದೆಂದು ಹೇಳಿ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ.

“ಬರದ ಕೊಟ್ರ ಅವರಿಗೆ ನೋಟೀಸ್ ಹೋಗತೈತೇನ್ರಿ, ಮೇಡಮ್ಮಾರ?”

ಹೋಗಬಹುದು ಎಂದೆ.

“ಹಂಗಾರ ಬ್ಯಾಡ್ರಿ. ಕಾರ್ ನಂದ ಅಂತ ಬರಕೊಂಡ ಬಿಡ್ರಿ.”

ಮಲ್ಲಪ್ಪ ಹೆಂಡತಿಯ ಮುಖ ನೋಡಿದ. ಆಮೇಲೆ ಆಕೆ ನನಗೆ ಚಹಾ ಕುಡಿದು ಹೋಗಲು ಒತ್ತಾಯ ಮಾಡಿದಳು. ನಾನು ಕುಡಿಯದೆ ಎದ್ದು ಬಂದೆ. ದಾರಿಯುದ್ದಕ್ಕೂ ನನಗೆ ಸಿಟ್ಟೇ ಇತ್ತು. ಸಹಾಯ ಮಾಡಲು ಮನೆ ಬಾಗಿಲಿಗೆ ಬಂದವಳ ಎದುರು ಇದೆಂಥ ಹಟ ಎನಿಸಿತ್ತು.

ಆಫೀಸಿನಲ್ಲಿ ನನ್ನ ಮೇಲಿನವರಾದ ಶಿರಸ್ತೇದಾರರಿಗೆ ಹೇಳಿದಾಗ, ಆಕೆಯೇ ಒಪ್ಪಿಕೊಂಡ ಮೇಲೆ ನಾವೇನು ಮಾಡುವುದು, ಫೈಲು ಮುಗಿಸಿರಿ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ‘ವಾಹನ ಹೊಂದಿರುವುದನ್ನು ಒಪ್ಪಿಕೊಂಡಿರುತ್ತಾರೆ’ ಎಂಬ ಒಂದು ಸಾಲು ಬರೆದು ಸಹಿ ಮಾಡಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಪೆನ್ನು ತೆಗೆದೆ ಕೂಡ. ಆದರೆ ಗೋಡೆಗೆ ಒರಗಿ ಕುಳಿತವನ ಆ ಕೈ ಕಣ್ಣ ಮುಂದೆ ಬಂತು. ಫೈಲನ್ನು ಕೆಳಗಿನ ಖಾನೆಯಲ್ಲಿಟ್ಟೆ.

ಮುಂದಿನ ರವಿವಾರ ಫೈಲಿಲ್ಲದೆ, ಬರೀ ಕೈಯಲ್ಲಿ, ಮತ್ತೆ ಆ ಓಣಿಗೆ ಹೋದೆ. ಈ ಸಲ ಚಹಾ ಕುಡಿದೆ. ಶಾಂತವ್ವ ರೊಟ್ಟಿ ಬಡಿಯುತ್ತ ಕುಳಿತಿದ್ದಳು. ನಾನು ಏನನ್ನೂ ಕೇಳಲಿಲ್ಲ. ಅರ್ಧ ತಾಸು ಉಪ್ಪಿನಬೆಟಗೇರಿಯ ಮಾತಾಯಿತು. ಆಮೇಲೆ ತಾನಾಗಿಯೇ ಹೇಳತೊಡಗಿದಳು.

ಆಕೆ ಅಡುಗೆ ಮಾಡುತ್ತಿದ್ದುದು ಮಾರುಕಟ್ಟೆಯಲ್ಲಿ ಕಾಳಿನ ವ್ಯಾಪಾರ ಮಾಡುವ ಒಂದು ಮನೆತನದಲ್ಲಿ. ಹದಿನಾರು ವರ್ಷದಿಂದ ಅಲ್ಲಿದ್ದಳು. ಮಲ್ಲಪ್ಪ ಚೀಲ ಹೊರುತ್ತಿದ್ದುದು ಅದೇ ಮನೆಯವರ ಅಂಗಡಿಯಲ್ಲಿ. ಇವರು ವಾಸವಿದ್ದ ಕೋಣೆಯೂ ಅವರದೇ. ಎರಡು ವರ್ಷದ ಹಿಂದೆ ಆ ಮನೆಯ ಅಣ್ಣತಮ್ಮಂದಿರಲ್ಲಿ ಪಾಲಿನ ಮಾತು ನಡೆದಿತ್ತು. ಆಗ ತಮ್ಮ ಒಂದು ಕಾರು ಕೊಂಡ. ತನ್ನ ಹೆಸರಿನಲ್ಲಿ ಕೊಂಡರೆ ಅಣ್ಣ ಅದನ್ನೂ ಪಾಲಿನ ಲೆಕ್ಕಕ್ಕೆ ತರುತ್ತಾನೆಂದು, ನಾಲ್ಕು ದಿನದ ಮಟ್ಟಿಗೆ ಎಂದು ಹೇಳಿ, ಶಾಂತವ್ವನ ಆಧಾರ್ ಕಾರ್ಡು ಇಸಿದುಕೊಂಡ. ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟು ಸಹಿ ಮಾಡೆಂದ. ಆಕೆ ಹಿಟ್ಟಿನ ಕೈ ತೊಳೆದುಕೊಂಡು ಬಂದು ಸಹಿ ಮಾಡಿದಳು. ಆ ನಾಲ್ಕು ದಿನ ಎರಡು ವರ್ಷವಾಗಿತ್ತು. ಆ ಕಾರಿನಲ್ಲಿ ಆಕೆ ಒಮ್ಮೆಯೂ ಕುಳಿತಿರಲಿಲ್ಲ.

ಆಗಲೇ ಬೇಡ ಎನ್ನಬಹುದಿತ್ತಲ್ಲ ಎಂದು ನಾನು ಕೇಳಿದೆ. ಆಕೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ನನ್ನ ಕಡೆ ನೋಡಿದಳು.

“ಕೂಳು ಅವರ ಮನ್ಯಾಗ, ದುಡಿಮಿ ಅವರ ಅಂಗಡ್ಯಾಗ, ಸೂರು ಅವರದು. ಎಲ್ಲಿ ನಿಂತು ಬ್ಯಾಡ ಅನ್ಲಿರಿ, ಅಕ್ಕಾರ?”

ಮೇಡಂ ಹೋಗಿ ಅಕ್ಕ ಆಗಿದ್ದೆ. ಆಕೆಗೆ ಇದ್ದದ್ದು ಬರೀ ಅಂಜಿಕೆಯೂ ಅಲ್ಲ. ಆ ಮನೆಯ ಹಿರಿಯ ಹೆಣ್ಣುಮಗಳನ್ನು, ಅಣ್ಣತಮ್ಮಂದಿರ ತಾಯಿಯನ್ನು, ಆಕೆ ಅವ್ವಾರು ಎನ್ನುತ್ತಿದ್ದಳು. ತನ್ನ ತಾಯಿ ತೀರಿಕೊಂಡಾಗ ಆ ಮುದುಕಿ ಈ ಕೋಣೆಯ ತನಕ ನಡೆದುಬಂದು, ತನ್ನ ಕೈಯಿಂದ ಗಂಜಿ ಕುಡಿಸಿದ್ದನ್ನು ಹೇಳುವಾಗ ಶಾಂತವ್ವನ ಕಣ್ಣು ತುಂಬಿದವು. ಆ ಮನೆಗೆ ನೋಟೀಸು ಹೋಗುವುದು ಆಕೆಗೆ ಬೇಕಿರಲಿಲ್ಲ.

ನನಗೂ ಒಂದು ಸಂಕಟವಿತ್ತು. ಬೇರೆಯವರ ಹೆಸರಿನಲ್ಲಿ ಆಸ್ತಿ ಇಡುವುದು ಕಾನೂನಿನ ಪ್ರಕಾರ ತಪ್ಪು. ನಾನು ದೂರು ಬರೆದರೆ ಕಾಗದದಲ್ಲಿ ಮೊದಲು ಬರುವ ಹೆಸರು ಸಹಿ ಮಾಡಿದವಳದು. ತನಿಖೆ ಮುಗಿಯುವ ತನಕ ಮಲ್ಲಪ್ಪನ ಹೊಟ್ಟೆ ಕಾಯುವುದಿಲ್ಲ. ಇದನ್ನೆಲ್ಲ ಅವರಿಗೆ ಬಿಡಿಸಿ ಹೇಳಿದೆ. ಆ ಮನೆಗೆ ನಾನೇ ಹೋಗಿ ಮಾತಾಡಲೇ ಎಂದೂ ಕೇಳಿದೆ. ಗೋಡೆಗೆ ಒರಗಿ ಕುಳಿತು ಕೇಳುತ್ತಿದ್ದ ಮಲ್ಲಪ್ಪ ಈಗ ಮಾತಾಡಿದ. ಕೋಣೆ ಬಿಡು ಅಂದರೆ ಬಿಡೋಣ, ಎಲ್ಲಿಯಾದರೂ ಸೂರು ಸಿಗುತ್ತದೆ ಎಂದು ಹೆಂಡತಿಗೆ ಹೇಳಿದ. ಶಾಂತವ್ವ ಕೊನೆಯ ರೊಟ್ಟಿಯನ್ನು ಹಂಚಿನಿಂದ ಇಳಿಸಿದಳು. ನೀವು ಹೇಳುವುದು ಬೇಡ, ನಾನೇ ಹೇಳುತ್ತೇನೆ, ನೀವು ಬಾಜೂಕ ನಿಂತರೆ ಸಾಕು ಎಂದಳು.

ಎರಡು ದಿನದ ನಂತರ, ಮುಂಜಾನೆ ಹತ್ತರ ಹೊತ್ತಿಗೆ ನಾನೂ ಶಾಂತವ್ವನೂ ಆ ಮನೆಗೆ ಹೋದೆವು. ಪಡಸಾಲೆಯಲ್ಲಿ ಹಿರಿಯ ಹೆಣ್ಣುಮಗಳು ಕುರ್ಚಿಯ ಮೇಲೆ ಕುಳಿತು ಮೆಂತೆಸೊಪ್ಪು ಬಿಡಿಸುತ್ತಿದ್ದರು. ಕಾರು ಕೊಂಡ ಕಿರಿಯ ಮಗ ಅಂಗಡಿಗೆ ಹೊರಡುವ ಗಡಿಬಿಡಿಯಲ್ಲಿದ್ದ. ನಾನು ಯಾರೆಂದು ಹೇಳಿದಾಗ ಕುಳಿತುಕೊಳ್ಳಿ ಎಂದು ಕುರ್ಚಿ ತೋರಿಸಿದರು. ಶಾಂತವ್ವ ದಿನದಂತೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ಮಗನ ಕಡೆ ನೋಡಲಿಲ್ಲ, ತಾಯಿಯ ಕಡೆ ನೋಡಿಯೇ ಮಾತಾಡಿದಳು.

“ಅವ್ವಾರ, ಆ ಬಿಳಿ ಕಾರ್ ನನ್ನ ಹೆಸರಿಲೆ ಐತ್ರಿ. ಅದಕ್ಕ ನನ್ನ ಕಾರ್ಡ್ ಹೋಗೇತಿ, ನಮ್ಮನಿಯವರ ಆಪರೇಶನ್ ನಿಂತೇತಿ. ನನ್ನ ಹೆಸರು ನನಗ ತಿರುಗಿ ಕೊಡ್ರಿ.”

ಮುದುಕಿಯ ಕೈಯಲ್ಲಿದ್ದ ಸೊಪ್ಪು ಹಾಗೆಯೇ ನಿಂತಿತು. ಅವರಿಗೆ ಈ ವಿಷಯ ಏನೂ ಗೊತ್ತಿರಲಿಲ್ಲ. ಮಗನ ಮುಖ ಕೆಂಪಾಯಿತು. ಆಕೆಯ ಕಾರ್ಡು ಹೋದದ್ದು ನನಗೆ ಗೊತ್ತಿಲ್ಲ, ಬರೀ ಹೆಸರಷ್ಟೇ ಅಲ್ಲವೇ, ಆಕೆಗೇನು ಹಾನಿ ಎಂದುಕೊಂಡಿದ್ದೆ ಎಂದ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಅನ್ನಿಸಲಿಲ್ಲ. ಹದಿನಾರು ವರ್ಷ ಆಕೆಯ ಕೈ ಅಡುಗೆ ಉಂಡವನಿಗೆ, ಆಕೆಯ ಮನೆ ಯಾವುದರ ಆಧಾರದ ಮೇಲೆ ನಿಂತಿದೆ ಎಂಬುದು ಖರೇ ಗೊತ್ತಿರಲಿಲ್ಲ. ನನಗೆ ಬಹಳ ನೋವಾದದ್ದು ಅದಕ್ಕೇ.

ತಾಯಿ ಪಕ್ಕದ ಕುರ್ಚಿಯನ್ನು ತಾವೇ ಎಳೆದರು.

“ಶಾಂತಾ, ಬಾ, ಇಲ್ಲಿ ಕುಂಡ್ರು.”

ಶಾಂತವ್ವ ಅನುಮಾನಿಸಿದಳು. ಆ ಪಡಸಾಲೆಯನ್ನು ದಿನಾ ಕಸ ಹೊಡೆದವಳು, ಅಲ್ಲಿಯ ಕುರ್ಚಿಯಲ್ಲಿ ಕುಳಿತವಳಲ್ಲ. ಕೊನೆಗೆ ಅಂಚಿನ ಮೇಲೆ ಕುಳಿತಳು. ಮುದುಕಿ ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಮೆಂತೆಸೊಪ್ಪಿನ ಎಲೆಗಳು ಇಬ್ಬರ ಬೆರಳಿಗೂ ಅಂಟಿದ್ದವು.

“ಈಕಿ ಯಾವತ್ತೂ ಇಲ್ಲ ಅನ್ನಲಿಲ್ಲಂತ ನಾವು ಕೇಳಿಕೋತನ ಹೋದ್ವಿ,” ಎಂದರು ಮಗನಿಗೆ. “ಇವತ್ತ ಆರ್‌ಟಿಓ ಆಫೀಸಿಗೆ ಹೋಗು.”

ಆ ವಾರದಲ್ಲೇ ಮಾಲೀಕತ್ವ ಬದಲಾಯಿಸುವ ಅರ್ಜಿ ಹೋಯಿತು. ಅದರ ಪ್ರತಿಯನ್ನು ಹಚ್ಚಿ, ಮನೆ ನೋಡಿದ ವರದಿ ಬರೆದು, ಬಿಪಿಎಲ್ ಕಾರ್ಡು ಮರಳಿ ಕೊಡಬೇಕೆಂದು ಶಿಫಾರಸು ಮಾಡಿದೆ. ಶಿರಸ್ತೇದಾರರು ಓದಿ ಸಹಿ ಹಾಕಿದರು. ಕಂಪ್ಯೂಟರಿನಲ್ಲಿ ತಿದ್ದುಪಡಿ ಆಗಲು ಐದು ವಾರ ಹಿಡಿಯಿತು. ಆ ಐದು ವಾರ ನಾನು ದಿನಾ ಮುಂಜಾನೆ ಆಫೀಸಿಗೆ ಬಂದ ಕೂಡಲೇ ಮೊದಲು ಆಕೆಯ ಕಾರ್ಡಿನ ಸಂಖ್ಯೆ ಹಾಕಿ ನೋಡುತ್ತಿದ್ದೆ. ಮಲ್ಲಪ್ಪನ ಆಪರೇಷನ್ ಚೆನ್ನಾಗಿ ಆಯಿತು. ಮತ್ತೆ ಚೀಲ ಹೊರುವ ಹಾಗಿರಲಿಲ್ಲ. ಅದೇ ಅಂಗಡಿಯಲ್ಲಿ ಚೀಲದ ಬಾಯಿ ಹೊಲಿಯುವ ಕೆಲಸಕ್ಕೆ ಹತ್ತಿದ.

ಎಲ್ಲವೂ ಸುಖವಾಗಿ ಮುಗಿಯಿತು ಎಂದು ಹೇಳಲಾರೆ. ಕಾರಿನ ಸುದ್ದಿ ಅಣ್ಣನಿಗೆ ತಿಳಿದು ಪಾಲಿನ ಮಾತು ಇನ್ನಷ್ಟು ಕೆಟ್ಟಿತು. ಕಿರಿಯ ಸೊಸೆ ಬಹಳ ದಿನ ಶಾಂತವ್ವನ ಜೊತೆ ಮಾತು ಬಿಟ್ಟಳು. ಮುಂದಿನ ವರ್ಷ ಹಿರಿಯ ಹೆಣ್ಣುಮಗಳು ತೀರಿಕೊಂಡ ಮೇಲೆ ಶಾಂತವ್ವ ಆ ಮನೆಯ ಕೆಲಸ ಬಿಟ್ಟಳು. ಈಗ ಓಣಿಯ ಇನ್ನಿಬ್ಬರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಖಾನಾವಳಿಗಳಿಗೆ ರೊಟ್ಟಿ ಮಾಡಿ ಕೊಡುತ್ತಾಳೆ. ಬೇರೆ ಕಡೆ ಕೋಣೆ ಹಿಡಿದಿದ್ದಾರೆ. ಅದು ಮೊದಲಿನದಕ್ಕಿಂತ ಸಣ್ಣದು.

ನಮ್ಮ ಪರಿಶೀಲನೆಯ ಫಾರಮಿನಲ್ಲಿ ಮನೆಯ ಗೋಡೆ, ಚಾವಣಿ, ಹೊಲ, ವಾಹನ, ಎಲ್ಲಕ್ಕೂ ಜಾಗವಿತ್ತು. ಮೂವತ್ತು ವರ್ಷ ಅವುಗಳನ್ನೇ ತುಂಬಿ, ಬಡತನ ಎಂದರೆ ಮನೆಯಲ್ಲಿ ಏನೇನು ಇಲ್ಲ ಎಂಬುದರ ಪಟ್ಟಿ ಎಂದು ನಂಬಿದ್ದೆ. ತನಗೆ ಕೇಡಾಗುವ ಮಾತಿಗೂ ಬೇಡ ಎನ್ನಲು ಒಬ್ಬರಿಗೆ ಕಾಲೂರುವ ಜಾಗ ಇದೆಯೋ ಇಲ್ಲವೋ ಎಂದು ಯಾವ ಮನೆಯಲ್ಲೂ ನಾನು ಕೇಳಿರಲಿಲ್ಲ. ಕೇಳುವವರ ಕೈಯಲ್ಲಿ ಎಲ್ಲವೂ ಇದ್ದು, ಕೊಡುವವರಿಗೆ ಇಲ್ಲ ಎನ್ನಲು ಜಾಗವೇ ಇಲ್ಲದಿದ್ದಾಗ, ಕೇಳುವವರು ಒಳ್ಳೆಯವರಾದರೂ ಅನ್ಯಾಯ ಆಗಿಯೇ ಆಗುತ್ತದೆ. ಇದನ್ನು ನನಗೆ ಕಲಿಸಿದವಳು ಶಾಂತವ್ವ.

ಕಲಿತದ್ದು ಆಫೀಸಿನಲ್ಲೇ ಉಳಿಯಲಿಲ್ಲ. ಧಾರವಾಡದ ನಮ್ಮ ಮನೆಗೆ ಗಂಗವ್ವ ಹನ್ನೊಂದು ವರ್ಷದಿಂದ ಕೆಲಸಕ್ಕೆ ಬರುತ್ತಾಳೆ. ಹಬ್ಬದ ದಿನ ಲಗೂ, ಬೆಳಗಾಗುತ್ತಲೇ, ಬಾ ಎಂದರೆ ಬರುತ್ತಿದ್ದಳು, ನೆಂಟರು ಬಂದಾಗ ಸಂಜೆಯ ತನಕ ನಿಲ್ಲು ಎಂದರೆ ನಿಲ್ಲುತ್ತಿದ್ದಳು. ಎಂದೂ ಇಲ್ಲ ಎನ್ನದಿರುವುದನ್ನು ಅವಳ ಗುಣ ಎಂದು ನಾನು ನಾಲ್ಕು ಮಂದಿಯ ಮುಂದೆ ಹೊಗಳಿಕೊಂಡಿದ್ದೆ. ನಿವೃತ್ತಿಯ ನಂತರ, ನಿನಗೆ ಆಗದಿದ್ದರೆ ಆಗುವುದಿಲ್ಲ ಎನ್ನು, ನಿನ್ನ ಕೆಲಸಕ್ಕೆ ಏನೂ ಆಗುವುದಿಲ್ಲ ಎಂದು ಅವಳಿಗೆ ಹೇಳಿದೆ. ಅವಳು ನಕ್ಕು ಕಸಬರಿಗೆ ಎತ್ತಿಕೊಂಡಳು. ನನ್ನ ಮಾತನ್ನು ನಂಬಲು ಅವಳಿಗೆ ಒಂದು ವರ್ಷವೇ ಬೇಕಾಯಿತು.

ಹೋದ ತಿಂಗಳು ಮನೆಗೆ ನೆಂಟರು ಬರುವವರಿದ್ದರು. ನಾಳೆ ಸ್ವಲ್ಪ ಲಗೂ ಬರಲು ಆದೀತೇ ಎಂದು ಕೇಳಿದೆ. ಗಂಗವ್ವ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ, ನನ್ನ ಮುಖವನ್ನೇ ಒಂದು ಕ್ಷಣ ನೋಡಿದಳು.

“ನಾಳೆ ಆಗೂದಿಲ್ರಿ ಅಕ್ಕಾರ. ಹೆಬ್ಬಳ್ಳಿಗೆ ಮಗಳ ಮನಿಗೆ ಹೊಂಟೇನಿ.”

ಹೋಗಿ ಬಾ ಎಂದೆ. ಮರುದಿನ ನಾನು ಒಬ್ಬಳೇ ಅಡುಗೆ ಮಾಡಿದೆ. ಹೋಳಿಗೆ ಹಂಚಿಗೆ ಹತ್ತಿ ಹರಿದವು. ಆದರೂ ದಿನವಿಡೀ ಮನಸ್ಸು ಹಗುರವಾಗಿತ್ತು.