ಬಿಚ್ಚದೆ ಬಿಟ್ಟ ಸಾಲು

ಕಾಗದನಗರದ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯ ಅಕ್ಕ ನನಗೆ ಸ್ವೆಟರ್ ಹೆಣೆಯಲು ಕಲಿಸಿದರು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಕುಣಿಕೆ ಜಾರಿದ್ದರೆ ಬೆರಳಾಡಿಸಿಯೇ ಹಿಡಿಯುತ್ತಿದ್ದರು. “ಬಿಚ್ಚು ಮಾರಾಯ್ತಿ, ಮತ್ತೆ ಹಾಕು” ಎನ್ನುವುದು ಅವರ ನಿತ್ಯದ ಮಾತು.

ಶಿವಮೊಗ್ಗದ ಕೈಹೆಣಿಗೆ ಸ್ಪರ್ಧೆಗೆ ಇಬ್ಬರೂ ಸ್ವೆಟರ್ ಕೊಟ್ಟೆವು. ತೀರ್ಪುಗಾರ ಮಹಾಶಯ, ಹೆಣಿಗೆ ಕಡ್ಡಿ ಹಿಡಿದೇ ಗೊತ್ತಿಲ್ಲದ ಮನುಷ್ಯ, ಅಕ್ಕನದನ್ನು ತಿರುಗಿಸಿ ನೋಡಿ, “ಒಂದೂ ತಪ್ಪಿಲ್ಲ, ಇದು ಮೆಷಿನ್ನಿಂದು” ಎಂದು ಪಕ್ಕಕ್ಕೆಸೆದ. ಅಕ್ಕ ಚೀಲದಿಂದ ಕಡ್ಡಿ ತೆಗೆದು, “ಇಲ್ಲೇ ಹೆಣೀತೀನಿ, ನೋಡಿ” ಎಂದರೂ ಅವನು ಕಣ್ಣೆತ್ತಲಿಲ್ಲ. ನನ್ನದರಲ್ಲಿ ಕುಣಿಕೆ ಜಾರಿದ್ದ ಜಾಗ ತೋರಿಸಿ, “ಇದು ನಿಜವಾದ ಕೈಕೆಲಸ” ಎಂದು ಮೊದಲ ಬಹುಮಾನ ಕೊಟ್ಟ. ಇವತ್ತಿಗೂ ಮೈ ಉರಿಯುತ್ತದೆ, ಅವನ ಮೇಲೂ, ಕೈಚಾಚಿ ತೆಗೆದುಕೊಂಡ ನನ್ನ ಮೇಲೂ.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ನನ್ನ ಸ್ವೆಟರನ್ನು ತೊಡೆಯ ಮೇಲೆಳೆದುಕೊಂಡು ಆ ಜಾಗಕ್ಕೆ ಬೆರಳಿಟ್ಟರು.

“ಇದನ್ನ ಬಿಚ್ಚು ಅಂದಿದ್ದೆ ಅಲ್ವಾ ಮಾರಾಯ್ತಿ.”